ಸಂಪಾದಕರ ಉತ್ತರ: ವಿರಹದ ಹಾಡಿಗೆ ಜನ ಕುಣಿದದ್ದೇಕೆ?

ದಾವಣಗೆರೆಯ ಓದುಗರೊಬ್ಬರು ತಾವೇ ಬರೆದು ರಾಗ ಹಾಕಿದ ಹಾಡೊಂದನ್ನು ಕಳಿಸಿದ್ದಾರೆ. ಬಿಟ್ಟುಹೋದವಳ ನೆನಪಿನ ಹಾಡು. "ಗಣೇಶನ ಪೆಂಡಾಲಿನಲ್ಲಿ ಹಾಡಿಸಿದೆ. ಜನ ಶಿಳ್ಳೆ ಹೊಡೆದು ಕುಣಿದರು, ಒಬ್ಬರ ಮನಸ್ಸೂ ಕಲಕಲಿಲ್ಲ. ತಪ್ಪು ಎಲ್ಲಿದೆ?" ಎಂದು ಕೇಳಿದ್ದಾರೆ.

ಮಿತ್ರರೇ, ಜನರ ತಪ್ಪೇನಿಲ್ಲ. ನಿಮ್ಮ ಹಾಡಿನ ಮೋಹನ ರಾಗ, ಓಡುವ ಕೆಹರ್ವಾ ತಾಳ ಎರಡೂ ಸೇರಿದರೆ ಕಾಲು ತಾನಾಗಿ ಆಡುತ್ತದೆ. ಆದರೆ ಮೊದಲು ಮಾತನ್ನೇ ನೋಡೋಣ. ನಿಮ್ಮ ಪಲ್ಲವಿ: "ನೀನಿಲ್ಲದ ಬಾಳಿದು ಬರಿ ಶೂನ್ಯ, ಕಣ್ಣೀರೊಂದೇ ಕಟ್ಟಿದ ಪುಣ್ಯ." ಪ್ರಾಸ ಕೂಡಿದೆ, ನಾಲ್ಕು ಮಾತ್ರೆಯ (ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಹೊತ್ತು ಒಂದು ಮಾತ್ರೆ) ಗಣವೂ, ಅಂದರೆ ಗುಂಪೂ, ಸರಿ. ಅವಳು ಮಾತ್ರ ಇದರಲ್ಲಿಲ್ಲ. ಯಾರು ಯಾರಿಗೆ ಬೇಕಾದರೂ ಹಾಡಬಹುದು. ಎರಡನೇ ಚರಣದಲ್ಲಿ ನೀವು ಹೂತಿಟ್ಟ ಸಾಲು ನೋಡಿ: "ಕೆರೆಯ ದಡದ ಕಲ್ಲು ಬೆಂಚು, ನಿನ್ನ ಅರ್ಧ ಹಾಗೆ ಖಾಲಿ." ನಿಮ್ಮೂರಿನ ಕುಂದವಾಡ ಕೆರೆಯ ಸುತ್ತ ಸಂಜೆ ನಡೆಯುವ ಯಾರಿಗೇ ಆಗಲಿ ಇದು ಕಣ್ಣಿಗೆ ಕಟ್ಟುತ್ತದೆ. ಇದೇ ನಿಮ್ಮ ಪಲ್ಲವಿ, ಮೇಲಕ್ಕೆ ತನ್ನಿ. ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ, ಅಷ್ಟೆ. ತಾನು ಅಳುತ್ತಿದ್ದೇನೆ ಎಂದು ಅಲ್ಲಿ ಹೇಳುವುದೇ ಇಲ್ಲ.

ಈಗ ತಾಳ. ಕೆರೆಯ, ದಡದ, ಕಲ್ಲು, ಬೆಂಚು: ಒಂದೊಂದೂ ಮೂರು ಮಾತ್ರೆ. ಇದನ್ನು 8 ಮಾತ್ರೆಯ ಕೆಹರ್ವಾಕ್ಕೆ ಕೂರಿಸಿದರೆ ಎರಡನೇ ಸಮ (ತಾಳದ ಸುತ್ತು ಶುರುವಾಗುವ ಪೆಟ್ಟು) ಒಂಬತ್ತನೇ ಮಾತ್ರೆಗೆ, ಅಂದರೆ "ಕಲ್ಲು" ಪದದ ಬಾಲಕ್ಕೆ ಬೀಳುತ್ತದೆ. ಗಾಯಕ ಅಲ್ಲಿ "ಕಲ್ಲೂ" ಎಂದು ಎಳೆಯಲೇಬೇಕಾಗುತ್ತದೆ, ಮಾತು ಮುರಿಯುತ್ತದೆ. 6 ಮಾತ್ರೆಯ ದಾದ್ರಾ ತಾಳ ಇಡಿ: ಧಾ ಧಿನ್ ನಾ, ಧಾ ತಿನ್ ನಾ. ಆಗ ಒಂದು ಸಮ "ಕೆರೆಯ" ಮೇಲೆ, ಮುಂದಿನದು "ಕಲ್ಲು" ಮೇಲೆ ನೆಟ್ಟಗೆ ಬೀಳುತ್ತದೆ. ಉಳಿದ ಚರಣಗಳನ್ನೂ ಮೂರರ ಗಣಕ್ಕೇ ತಿದ್ದಿ. ಮುಂದೆಂದಾದರೂ ಭಾಮಿನಿ ಷಟ್ಪದಿಯ ಹಾಗೆ ಮೂರು-ನಾಲ್ಕು, ಮೂರು-ನಾಲ್ಕು ಎಂದು ಬರೆದರೆ 7 ಮಾತ್ರೆಯ ರೂಪಕ್ ತಾಳ ಕೇಳಿ, ಚೆನ್ನಾಗಿ ಒಗ್ಗುತ್ತದೆ.

ವೇಗ ನಿಮಿಷಕ್ಕೆ 120 ಮಾತ್ರೆ ಸಾಕು. 12 ಮಾತ್ರೆಯ ಸಾಲು 6 ಸೆಕೆಂಡಿನಲ್ಲಿ ಮುಗಿದು ಒಂದೇ ಉಸಿರಿಗೆ ಸಿಗುತ್ತದೆ. ದುಃಖದ ಹಾಡೆಂದು ಇನ್ನೂ ಎಳೆದರೆ ಉಸಿರು ಸಾಲದೆ ಪದಗಳು ಚೂರಾಗುತ್ತವೆ.

ರಾಗ ಬದಲಿಸಲು ಹಾಡನ್ನೇ ಬಿಚ್ಚಬೇಕಿಲ್ಲ. ಮೋಹನದ ಗಾಂಧಾರವನ್ನು (ಗ) ಅರ್ಧ ಸ್ವರ ಇಳಿಸಿದರೆ ವಿರಹಕ್ಕೆ ಒಪ್ಪುವ ಶಿವರಂಜನಿ ರಾಗ. ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯಲ್ಲಿ, ಷಡ್ಜ (ಸ) ಹಿಡಿದಿದ್ದರೆ ಹಾರ್ಮೋನಿಯಂನಲ್ಲಿ ನಾಲ್ಕನೇ ಬಿಳಿ ಮನೆಯ ಗಾಂಧಾರ ಮೂರನೇ ಬಿಳಿಗೆ ಬರುತ್ತದೆ. ಉಳಿದ ಸ್ವರಗಳೆಲ್ಲ ಕಪ್ಪು ಮನೆಗಳಲ್ಲಿ ಇದ್ದಲ್ಲೇ ಇರುತ್ತವೆ. ಕೀಬೋರ್ಡಿನವರಿಗೆ ಇದನ್ನು ಮೊದಲೇ ಹೇಳಿ. ಅವರು ರೂಢಿಯಂತೆ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಹಳೆಯ ಗಾಂಧಾರ ಹಿಂದಿನಿಂದ ಬಂದು ಗಾಯಕನ ಸ್ವರಕ್ಕೆ ತಾಕಿ ಕಚ್ಚುತ್ತದೆ. ಮೈನರ್ ಬೇಕು. ತಾರಸ್ಥಾಯಿಯ, ಅಂದರೆ ಎತ್ತರದ ಸ್ಥಾಯಿಯ, ಗಾಂಧಾರವನ್ನು ಇಡೀ ಹಾಡಿಗೆ ಒಂದೇ ಸಲ ಮುಟ್ಟಿಸಿ. ಬಿಕ್ಕಳಿಕೆ, ಎಕೋ ಎರಡೂ ಬೇಡ.

ಮೂರನೇ ಚರಣದಲ್ಲಿ ಅವಳನ್ನು "ಮೋಸಗಾತಿ" ಎಂದಿದ್ದೀರಿ. ದಯವಿಟ್ಟು ತೆಗೆಯಿರಿ. ಬೆಂಚಿನ ಅರ್ಧವನ್ನು ಇನ್ನೂ ಅವಳಿಗೇ ಬಿಟ್ಟುಕೊಂಡು ಕೂತವನ ಬಾಯಲ್ಲಿ ಆ ಮಾತು ನಿಲ್ಲುವುದಿಲ್ಲ.

ಕೊನೆಯಲ್ಲಿ "ಖಾಲಿ" ಪದವನ್ನು ಷಡ್ಜಕ್ಕೆ ತಂದು ಮುಗಿಸಬೇಡಿ. ಅದರ ಮೇಲಿನ ರಿಷಭದಲ್ಲೇ (ರಿ) ಬಿಡಿ. ಆಮೇಲೆ ದಾದ್ರಾದ ಎರಡು ಆವರ್ತ (ಸುತ್ತು), ಸರಿಯಾಗಿ ಒಂದು ಸಾಲಿನಷ್ಟು ಹೊತ್ತು, ತಬಲಾ ಒಂದೇ ನುಡಿಯಲಿ, ಯಾರೂ ಹಾಡುವುದು ಬೇಡ.