ಮಂಡ್ಯದಲ್ಲಿದ್ದುಕೊಂಡು ವಿದೇಶಾಂಗ ನೀತಿಯನ್ನೂ ಚುನಾವಣೆಯನ್ನೂ ಪ್ರಶ್ನಿಸುವುದು: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಯಾವ ಪಕ್ಷಕ್ಕೂ ಸೇರದ, ಮಂಡ್ಯದಲ್ಲಿ ವಾಸಿಸುವ ಒಬ್ಬ ಸಾಮಾನ್ಯ ನಾಗರಿಕ ದೇಶದ ವಿದೇಶಾಂಗ ನೀತಿಯ ಬಗ್ಗೆಯೂ ಚುನಾವಣೆಯ ಪ್ರಾಮಾಣಿಕತೆಯ ಬಗ್ಗೆಯೂ ಅಧಿಕಾರಿಗಳನ್ನು ಕೇಳುತ್ತಾ ಹೋದರೆ ಯಾರಾದರೂ ಕಿವಿಗೊಡುತ್ತಾರೆಯೇ, ಅಥವಾ ಎರಡರಲ್ಲಿ ಒಂದನ್ನು ಕೈಬಿಡುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿದ್ದುಕೊಂಡು ಹಲವು ವರ್ಷಗಳಿಂದ ಈ ಎರಡೂ ವಿಷಯಗಳಲ್ಲಿ ಅರ್ಜಿ ಬರೆಯುತ್ತಾ ಬಂದವನಾಗಿ ಹೇಳುತ್ತೇನೆ: ಎರಡನ್ನೂ ಹಿಡಿಯಿರಿ, ಆದರೆ ಮತದಾರರ ಪಟ್ಟಿಯಿಂದ ಆರಂಭಿಸಿ.

ಇದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. ವಿದೇಶ ವ್ಯವಹಾರವು 7ನೇ ಅನುಸೂಚಿಯ ಕೇಂದ್ರ ಪಟ್ಟಿಯ 10ನೇ ನಮೂದಿನಲ್ಲಿಯೂ ಅನ್ಯ ದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದಗಳು 14ನೇ ನಮೂದಿನಲ್ಲಿಯೂ ಬರುತ್ತವೆ. ಈ ವಿಷಯದಲ್ಲಿ ನಿಮ್ಮ ಜಿಲ್ಲಾಧಿಕಾರಿಗಾಗಲಿ ರಾಜ್ಯದ ಮುಖ್ಯಮಂತ್ರಿಗಾಗಲಿ ನಿರ್ಣಯಿಸುವ ಅಧಿಕಾರವಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕು ಎಂಬ ನಿಯಮವೂ ನಮ್ಮ ದೇಶದಲ್ಲಿಲ್ಲ. ಹೀಗಿರುವಾಗ, ಕೊಲ್ಲಿ ದೇಶದಲ್ಲಿ ಸಿಕ್ಕಿಕೊಂಡ ಮಗನ ಬಗ್ಗೆಯಾಗಲಿ, ಹೊರಗಿನಿಂದ ಬರುವ ಹಾಲಿನ ಪುಡಿಯ ಬಗ್ಗೆಯಾಗಲಿ ನಮಗೆ ಉತ್ತರ ಕೊಡಬೇಕಾದ ಹತ್ತಿರದ ವ್ಯಕ್ತಿ ಎಂದರೆ ನಾವೇ ಆರಿಸಿ ಕಳಿಸಿದ ಲೋಕಸಭಾ ಸದಸ್ಯರು. ಅವರು ನಮ್ಮ ಮಾತಿಗೆ ಬೆಲೆ ಕೊಡುವುದು ಪಟ್ಟಿಯಲ್ಲಿ ನಮ್ಮ ಹೆಸರಿದ್ದಾಗ, ಹಾಕಿದ ಮತ ಎಣಿಕೆಯಾಗುತ್ತದೆ ಎಂಬ ನಂಬಿಕೆ ಊರಿಗೆಲ್ಲ ಇದ್ದಾಗ. ಪಟ್ಟಿಯೇ ಸರಿಯಿಲ್ಲದ ಕಡೆ ವಿದೇಶಾಂಗ ನೀತಿಯ ಬಗ್ಗೆ ಎಷ್ಟು ಭಾಷಣ ಮಾಡಿದರೂ ಅದಕ್ಕೆ ಬಲ ಬರುವುದಿಲ್ಲ.

ನಮ್ಮ ಭಾಗದಲ್ಲಿ ಒಂದು ರೂಢಿಯಿದೆ. ಹತ್ತಾರು ಜನ ಸೇರಿ ಡಿಸಿ ಕಚೇರಿಗೆ ಹೋಗುತ್ತಾರೆ, ಘೋಷಣೆ ಕೂಗಿ ಮನವಿ ಪತ್ರ ಕೊಡುತ್ತಾರೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕಾವೇರಿಗಾಗಿ ಹೆದ್ದಾರಿಯಲ್ಲೇ ಕುಳಿತ ಮಂಡ್ಯದವರಿಗೆ ಪ್ರತಿಭಟನೆಯ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಮತದಾರರ ಪಟ್ಟಿಯ ವಿಷಯದಲ್ಲಿ ಮನವಿ ಪತ್ರದಿಂದ ಕೆಲಸವಾಗುವುದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಕೆಲಸವಾಗುವುದು ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿಕೊಂಡ ಸ್ವೀಕೃತಿಯಿಂದ, ಅದಕ್ಕೆ ಪ್ರತಿಯಾಗಿ ಕೇಳಿ ಪಡೆದ ಹಿಂಬರಹದಿಂದ, ಅಂದರೆ ಕಚೇರಿಯ ಲಿಖಿತ ಉತ್ತರದಿಂದ. ಹಿಂಬರಹ ಕೊಡಬೇಕಾದ ಅಧಿಕಾರಿ ಕಡತ ತೆಗೆಯಲೇಬೇಕು, ಕಡತ ತೆಗೆದಾಗ ಅದರಲ್ಲಿ ಏನಿಲ್ಲ ಎಂಬುದು ಅವರಿಗೂ ಕಾಣುತ್ತದೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ನಮ್ಮ ಬಡಾವಣೆಯ ಹಿರಿಯ ಮಹಿಳೆಯೊಬ್ಬರ ಹೆಸರು ಪೂರಕ ಪಟ್ಟಿಯಲ್ಲಿ ರದ್ದಾಗಿತ್ತು. ರದ್ದಾದ ಹೆಸರಿನ ಜೊತೆ ಒಂದು ಇಂಗ್ಲಿಷ್ ಅಕ್ಷರ ಮುದ್ರಿಸಿರುತ್ತಾರೆ: ತೀರಿಕೊಂಡವರಿಗೆ ‘ಇ’, ವಾಸ ಬದಲಾಯಿಸಿದವರಿಗೆ ‘ಎಸ್’, ಎರಡು ಕಡೆ ಹೆಸರಿದ್ದವರಿಗೆ ‘ಆರ್’. ಇವರ ಹೆಸರಿಗೆ ‘ಎಸ್’ ಇತ್ತು. ಅವರು ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರೇ ಹೊರತು ಮನೆ ಬಿಟ್ಟಿರಲಿಲ್ಲ. ನಮ್ಮ ಮತಗಟ್ಟೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಒಬ್ಬ ಅಂಗನವಾಡಿ ಕಾರ್ಯಕರ್ತೆ. ಅವರನ್ನು ಕೇಳಿದಾಗ, ‘ಎರಡು ಸಲ ಬಂದೆ ಸರ್, ಬೀಗ ಹಾಕಿತ್ತು. ಪಕ್ಕದ ಮನೆಯವರು ಖಾಲಿ ಮಾಡ್ಕೊಂಡು ಹೋಗಿರಬೇಕು ಅಂದ್ರು’ ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಕ್ಕಳ ಊಟ, ತೂಕ, ಚುಚ್ಚುಮದ್ದಿನ ದಾಖಲೆಗಳ ನಡುವೆ ಈ ಕೆಲಸವನ್ನೂ ಅವರ ತಲೆಗೆ ಕಟ್ಟಲಾಗಿದೆ. ಆದರೆ 1950ರ ಪ್ರಜಾಪ್ರತಿನಿಧಿ ಕಾಯಿದೆಯ 22ನೇ ಪ್ರಕರಣದ ಪ್ರಕಾರ, ಸ್ಥಳದಲ್ಲಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಒಮ್ಮೆ ಪಟ್ಟಿಯಲ್ಲಿ ಸೇರಿದವರನ್ನು ನೋಟಿಸ್ ಇಲ್ಲದೆ ಸಾರಾಸಗಟಾಗಿ ಅನುಮಾನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಾವು ಮತದಾರರ ನೋಂದಣಿ ಅಧಿಕಾರಿಗೆ ಬರೆದ ಪತ್ರದಲ್ಲಿ ಮೂರನ್ನೇ ಕೇಳಿದೆವು: ಆಕ್ಷೇಪಣೆಯ ನಮೂನೆ 7ರ ಪ್ರತಿ, ನೋಟಿಸ್ ಜಾರಿಯಾದದ್ದಕ್ಕೆ ಪುರಾವೆ, ಬಿಎಲ್‌ಒ ವರದಿಯ ಪ್ರತಿ. ಬಂದ ಹಿಂಬರಹದಲ್ಲಿ ನೋಟಿಸಿನ ಪ್ರಸ್ತಾಪವೇ ಇರಲಿಲ್ಲ, ಆದರೆ ಅದರೊಂದಿಗೇ ಹೆಸರನ್ನು ಮರಳಿ ಸೇರಿಸುವ ಆದೇಶವೂ ಇತ್ತು. ಆದೇಶ ನಮ್ಮ ವಿರುದ್ಧ ಬಂದಿದ್ದರೆ 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 30 ದಿನಗಳೊಳಗೆ ಬೆಂಗಳೂರಿನ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗುತ್ತಿತ್ತು. ಈ ದಾರಿ ಎಷ್ಟೋ ಜನರಿಗೆ ಗೊತ್ತಿಲ್ಲದಿರುವುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಇದು ಒಬ್ಬಿಬ್ಬರ ಕಥೆಯಲ್ಲ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಾಗಿದ್ದದ್ದು 24 ಮಾತ್ರ ಎಂದು ಚುನಾವಣಾ ಆಯೋಗವೇ ತಿಳಿಸಿದೆ. ಅಲ್ಲಿ ಅನುಮಾನ ಮೂಡಿ, ಪರಿಶೀಲನೆ ನಡೆದದ್ದರಿಂದ ಆ ಹೆಸರುಗಳು ಉಳಿದವು. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಯ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಹೊರಬಿದ್ದಾಗ, ಯಾರ ಹೆಸರು ಏಕೆ ಹೋಯಿತು ಎಂಬ ಪಟ್ಟಿಯನ್ನು ಕಾರಣ ಸಹಿತ ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಸೂಚಿಸಿತು. ಅದೇ ಪ್ರಶ್ನೆಯನ್ನು ನೀವು ನಿಮ್ಮ ಮತಗಟ್ಟೆಯ ಮಟ್ಟದಲ್ಲಿ ಕೇಳಬಹುದು. ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಿ ಅಧಿಕಾರಿ ನಮೂನೆ 9, 10 ಮತ್ತು 11ರಲ್ಲಿ ಪ್ರಕಟಿಸಬೇಕು. ಹೆಸರು ತೆಗೆಯಲು ಕೋರಿದವರ ಅರ್ಜಿಗಳು 10ರಲ್ಲಿರುತ್ತವೆ. ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಯಂತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಚರ್ಚೆಗಳ ಬಹುಪಾಲನ್ನು ಅದೇ ನುಂಗಿಬಿಟ್ಟಿದೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು (ಮತ ಯಾರಿಗೆ ಬಿತ್ತೆಂದು ತೋರಿಸುವ ಮುದ್ರಿತ ಚೀಟಿಗಳನ್ನು) ಎಣಿಸಬೇಕೆಂಬುದು 2019ರಿಂದ ಜಾರಿಯಲ್ಲಿದೆ. ಮತದಾನ ಮುಗಿದ ಕೂಡಲೇ ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು ನಮೂನೆ 17ಸಿಯಲ್ಲಿ ಬರೆದು, ಹಾಜರಿರುವ ಪ್ರತಿ ಏಜೆಂಟರಿಗೂ ಪ್ರತಿ ಕೊಡುವುದು ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಕರ್ತವ್ಯ. ನಿಮ್ಮ ಊರಿನ ಎಲ್ಲ ಪಕ್ಷಗಳ ಏಜೆಂಟರೂ ಆ ಹಾಳೆಯನ್ನು ಕೇಳಿ ಪಡೆಯುವಂತೆ ಮಾಡಿ, ಆಮೇಲೆ ಮತಗಟ್ಟೆವಾರು ಫಲಿತಾಂಶದ ನಮೂನೆ 20ರೊಂದಿಗೆ ತಾಳೆ ನೋಡಿದರೆ, ಅನುಮಾನವಿದ್ದವರಿಗೂ ಇಲ್ಲದವರಿಗೂ ಉಪಕಾರವಾಗುತ್ತದೆ.

ನಡೆಯದೇ ಉಳಿದ ಚುನಾವಣೆಯ ಬಗ್ಗೆ ಜನ ಅಷ್ಟಾಗಿ ಕೇಳುವುದಿಲ್ಲ, ಅದು ನನಗೆ ಅರ್ಥವಾಗದ ಸಂಗತಿ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಹೇಳಿದರೂ ಅದು ಆಗಲಿಲ್ಲ; ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಳೇ ಉರುಳಿದವು. ಪ್ರಾಮಾಣಿಕ ಚುನಾವಣೆ ಎಂಬುದಕ್ಕೆ ಸಕಾಲಕ್ಕೆ ನಡೆಯುವ ಚುನಾವಣೆ ಎಂಬ ಅರ್ಥವೂ ಇದೆ. ಈ ಪ್ರಶ್ನೆಯನ್ನು ಕೇಳಬೇಕಾದದ್ದು ರಾಜ್ಯ ಚುನಾವಣಾ ಆಯೋಗವನ್ನೂ ರಾಜ್ಯ ಸರ್ಕಾರವನ್ನೂ. ಭಾರತ ಚುನಾವಣಾ ಆಯೋಗಕ್ಕೆ ಬರೆದರೆ ಅದು ತಮಗೆ ಸಂಬಂಧಿಸಿದ್ದಲ್ಲ ಎಂಬ ಸಾಲು ಮಾತ್ರ ಬರುತ್ತದೆ.

ಈಗ ವಿದೇಶಾಂಗ ನೀತಿಗೆ ಬರುತ್ತೇನೆ. ಅದು ದೆಹಲಿಯವರ ಕೆಲಸ ಎಂದು ಹೇಳುವವರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ತೋರಿಸಬೇಕು. 1960ರ ದಶಕದ ಆರಂಭದಲ್ಲಿ ಟಿಬೆಟಿಯನ್ನರಿಗೆ ಅಲ್ಲಿ ನೆಲೆ ಕೊಟ್ಟದ್ದು ದೇಶದ ವಿದೇಶಾಂಗ ನಿರ್ಧಾರ. ಆದರೆ ಅಲ್ಲಿ ಹುಟ್ಟಿದ ಮಕ್ಕಳಿಗೆ ಮತದ ಹಕ್ಕು ಇದೆಯೇ ಎಂಬ ಪ್ರಶ್ನೆ ಬಂದು ನಿಂತದ್ದು ತಾಲ್ಲೂಕಿನ ಮತದಾರರ ನೋಂದಣಿಯ ಮೇಜಿನ ಮೇಲೆ. ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಇದು ಟಿಬೆಟಿಯನ್ ದಂಪತಿಗೆ ಹುಟ್ಟಿದವರಿಗೂ ಅನ್ವಯಿಸುತ್ತದೆ ಎಂಬುದನ್ನು ದೆಹಲಿ ಹೈಕೋರ್ಟ್ 2010ರಲ್ಲಿಯೂ ಕರ್ನಾಟಕ ಹೈಕೋರ್ಟ್ 2013ರಲ್ಲಿಯೂ ಎತ್ತಿಹಿಡಿದವು. 2014ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗವು ಅಂಥವರಿಗೆ ನೋಂದಣಿ ನಿರಾಕರಿಸಬಾರದೆಂದು ಸೂಚನೆ ಹೊರಡಿಸಿತು. ಆದರೂ ‘ನಮ್ಮ ಪಟ್ಟಿಯಲ್ಲಿ ಪರದೇಶದವರಿದ್ದಾರೆ’ ಎಂದು ಮುಖ ನೋಡಿ, ಹೆಸರು ನೋಡಿ ದೂರುವವರು ಇಂದಿಗೂ ಇದ್ದಾರೆ. ಅಂಥವರಿಗೆ ನಾನು ಹೇಳುವುದಿಷ್ಟೇ: ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ, ಆದರೆ ಸುಳ್ಳೆಂದು ಗೊತ್ತಿದ್ದೂ ಘೋಷಣೆಗೆ ಸಹಿ ಹಾಕಿದರೆ 1950ರ ಪ್ರಜಾಪ್ರತಿನಿಧಿ ಕಾಯಿದೆಯ 31ನೇ ಪ್ರಕರಣದಡಿ ಒಂದು ವರ್ಷದವರೆಗೆ ಸೆರೆವಾಸವೂ ಇದೆ. ಪಟ್ಟಿಯ ಶುದ್ಧಿ ಎಂದರೆ ಇರಬಾರದವರನ್ನು ತೆಗೆಯುವುದಷ್ಟೇ ಅಲ್ಲ, ಇರಬೇಕಾದವರನ್ನು ಉಳಿಸುವುದೂ ಹೌದು. ನಾಗರಿಕ ಹೋರಾಟಗಾರರು ಮೊದಲನೆಯದನ್ನೇ ಜೋರಾಗಿ ಹೇಳಿ ಎರಡನೆಯದನ್ನು ಮರೆತರೆ, ಅವರು ಯಾರದೋ ಕೈಗೊಂಬೆಯಾಗುತ್ತಾರೆ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರೂ ಅಲ್ಲಿ ಸಿಕ್ಕಿಕೊಂಡಿದ್ದರು. ನಮ್ಮಲ್ಲಿ ಆಗ ಚುನಾವಣೆಯ ಪ್ರಚಾರ ನಡೆಯುತ್ತಿತ್ತು. ದೊಡ್ಡವರ ನಡುವೆ ಟ್ವಿಟರ್‌ನಲ್ಲಿ ವಾಗ್ವಾದವೂ ಆಯಿತು. ಕೊನೆಗೆ ಅವರನ್ನು ಕರೆತಂದದ್ದು ‘ಆಪರೇಷನ್ ಕಾವೇರಿ’ ಎಂಬ ಕಾರ್ಯಾಚರಣೆ, ಪೋರ್ಟ್ ಸುಡಾನ್‌ನಿಂದ ಜೆಡ್ಡಾ ಮೂಲಕ. ಗಿಡಮೂಲಿಕೆಯ ಎಣ್ಣೆ ಮಾರಲು ಸ್ವಂತವಾಗಿ ಹೋಗುವ ಇಂಥವರ ಹೆಸರು ಯಾವ ಕಚೇರಿಯಲ್ಲಿ ದಾಖಲಾಗುತ್ತದೆ ಎಂಬ ಪ್ರಶ್ನೆಯನ್ನು ಜಿಲ್ಲಾಡಳಿತಕ್ಕೆ ಆಗ ಬರೆದವರಲ್ಲಿ ನಾನೂ ಒಬ್ಬ. ಅದಕ್ಕೆ ತೃಪ್ತಿಕರವಾದ ಉತ್ತರ ಇನ್ನೂ ಬಂದಿಲ್ಲ, ಮತ್ತೆ ಬರೆಯುತ್ತಿದ್ದೇನೆ.

ಮಾಹಿತಿ ಹಕ್ಕಿನಡಿ ಕೇಳುವಾಗ ಒಂದು ಎಚ್ಚರ ಬೇಕು. ವಿದೇಶದೊಡನೆ ಸಂಬಂಧ ಕೆಡಿಸಬಹುದಾದ ಮಾಹಿತಿಗೆ 8(1)(ಎ) ಪ್ರಕರಣದಲ್ಲಿ ವಿನಾಯಿತಿಯಿದೆ, ಆದ್ದರಿಂದ ‘ಆ ದೇಶದೊಂದಿಗಿನ ಮಾತುಕತೆಯ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ಯಾವ ದಿನಾಂಕದಂದು ಸಭೆ ನಡೆಯಿತು, ರಾಜ್ಯ ಸರ್ಕಾರದ ಅಭಿಪ್ರಾಯ ಕೇಳಲಾಗಿತ್ತೇ, ಕೇಳಿದ್ದರೆ ರಾಜ್ಯ ಕೊಟ್ಟ ಉತ್ತರದ ಪ್ರತಿ ಎಂದು ಕಿರಿದು ಮಾಡಿ ಕೇಳಿ. ವಿನಾಯಿತಿಯ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡಿ ಎಂದು 10ನೇ ಪ್ರಕರಣವನ್ನು ಅರ್ಜಿಯಲ್ಲೇ ನಮೂದಿಸಿ. ರಾಜ್ಯದ ಕಚೇರಿಗಳಿಗಾದರೆ ಒಂದೇ ವಿಷಯ, 150 ಪದಗಳ ಮಿತಿ ಎಂಬ ನಿಯಮವೂ ನೆನಪಿರಲಿ.

ನಿಮ್ಮ ಮಂಡ್ಯಕ್ಕೆ ಹೊಂದುವ ವಿದೇಶಾಂಗ ಪ್ರಶ್ನೆ ಕಬ್ಬಿನದು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಆರಂಭವಾದ ಊರಿನಲ್ಲಿ ಕಬ್ಬಿನ ಬಾಕಿ, ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ನಿಗದಿಪಡಿಸುವ ನ್ಯಾಯಯುತ ಬೆಲೆ) ಎಂಬ ಮಾತುಗಳು ಎಲ್ಲರ ಬಾಯಲ್ಲೂ ಇವೆ, ಆದರೆ ಅದೇ ಎಫ್‌ಆರ್‌ಪಿಯನ್ನು ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿದ್ದು ಎಷ್ಟು ಜನ ರೈತರಿಗೆ ಗೊತ್ತಿದೆ? 2014-15ರಿಂದ 2018-19ರವರೆಗಿನ 5 ಹಂಗಾಮುಗಳಲ್ಲಿ ಭಾರತ ಕಬ್ಬು ಬೆಳೆಗಾರರಿಗೆ ಕೊಟ್ಟ ಬೆಂಬಲ ಉತ್ಪಾದನಾ ಮೌಲ್ಯದ ಶೇ 10ರ ಮಿತಿಯನ್ನು ಮೀರಿದೆ ಎಂದು 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸಮಿತಿ ತೀರ್ಪಿತ್ತಿತು. ಮರು ತಿಂಗಳೇ ಭಾರತ ಮೇಲ್ಮನವಿ ಹಾಕಿತು. ಆದರೆ ಅಮೆರಿಕ ಹೊಸ ನೇಮಕಾತಿಗಳನ್ನು ತಡೆದದ್ದರಿಂದ ಮೇಲ್ಮನವಿ ಆಲಿಸುವ ಮಂಡಳಿ 2019ರ ಡಿಸೆಂಬರ್‌ನಿಂದಲೇ ಕೆಲಸ ನಿಲ್ಲಿಸಿತ್ತು. ಅಂದರೆ ನಿಮ್ಮ ಕಬ್ಬಿನ ದರದ ಪ್ರಶ್ನೆ ಜಿನೀವಾದ ಒಂದು ಕಚೇರಿಯಲ್ಲಿಯೂ ಸಿಲುಕಿಕೊಂಡಿತು. ಊರವರು ಮಾತನಾಡಿದರೆ ಅಂಥ ವಿಷಯಗಳಲ್ಲಿ ಕೇಳುವವರಿದ್ದಾರೆ ಎಂಬುದಕ್ಕೆ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದವನ್ನು ನೆನಪಿಸಿಕೊಳ್ಳಿ: ದೇಶದುದ್ದಕ್ಕೂ ಹಾಲು ಉತ್ಪಾದಕರು ವಿರೋಧಿಸಿದ ಆ ಒಪ್ಪಂದದಿಂದ ಭಾರತ 2019ರ ನವೆಂಬರ್ 4ರಂದು ಹೊರಗುಳಿಯಿತು.

ಆದುದರಿಂದ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ, ಆದರೆ ಅಭಿಪ್ರಾಯ ಬರೆಯಬೇಡಿ, ಪ್ರಶ್ನೆಯನ್ನೇ ಸಿದ್ಧಪಡಿಸಿ ಕೊಡಿ: ಸಕ್ಕರೆ ವಿವಾದದ ಮೇಲ್ಮನವಿಯ ಈಗಿನ ಸ್ಥಿತಿ ಏನು, ದೂರು ಕೊಟ್ಟ ದೇಶಗಳೊಡನೆ ನೇರ ಮಾತುಕತೆ ನಡೆದಿದೆಯೇ, ಅದರಲ್ಲಿ ಎಫ್‌ಆರ್‌ಪಿ ಬಗ್ಗೆ ಯಾವುದಾದರೂ ಭರವಸೆ ಕೊಡಲಾಗಿದೆಯೇ. ಇದು ವಾಣಿಜ್ಯ ಸಚಿವಾಲಯಕ್ಕೆ ಹೋಗಬೇಕಾದ ಪ್ರಶ್ನೆ, ವಿದೇಶಾಂಗ ಸಚಿವಾಲಯಕ್ಕಲ್ಲ. ಲೋಕಸಭೆಯಲ್ಲಿ ಒಂದು ದಿನಕ್ಕೆ ಮೌಖಿಕ ಉತ್ತರದ 20 ಪ್ರಶ್ನೆಗಳಿಗೂ ಲಿಖಿತ ಉತ್ತರದ 230 ಪ್ರಶ್ನೆಗಳಿಗೂ ಜಾಗವಿದೆ. ನಿಮಗೆ ಲಿಖಿತ ಉತ್ತರವೇ ಸಾಕು, ಅದು ಶಾಶ್ವತ ದಾಖಲೆ. ಸದಸ್ಯರು 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕಾಗಿರುವುದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪತ್ರ ತಲುಪಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸಂಸದರ ಮಂಡ್ಯದ ಕಚೇರಿಯಲ್ಲಿಯೂ ಒಂದು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಉತ್ತರ ಬಂದಾಗ ಅದನ್ನು ಸರಳ ಕನ್ನಡಕ್ಕೆ ತಂದು ನಿಮ್ಮ ಊರಿನ ಹಾಲಿನ ಡೈರಿಯ ಗೋಡೆಗೂ ಸೊಸೈಟಿಯ ಸೂಚನಾ ಫಲಕಕ್ಕೂ ಅಂಟಿಸಿ. ಅಷ್ಟರೊಳಗೆ ನಿಮ್ಮ ಭಾಗದ ಮತದಾರರ ಪಟ್ಟಿಯನ್ನು ಇಳಿಸಿಕೊಂಡು ನಿಮ್ಮ ಬೀದಿಯ ಮನೆಗಳೊಂದಿಗೆ ಹೋಲಿಸಿ ನೋಡುವ ಕೆಲಸ ಮುಗಿದಿರಲಿ.