ಹಳೆಯ ಆಟಿಕೆ ರೈಲುಗಳನ್ನು ಮತ್ತೆ ಓಡಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ತಗಡಿನ ರೈಲುಗಳ ಸಂಗ್ರಹದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು: ಇಷ್ಟು ಹಳೆಯದಾದ ವಸ್ತುವನ್ನು ಓಡಿಸಬಹುದೇ, ಅಥವಾ ಗಾಜಿನ ಬೀರುವಿನಲ್ಲಿಟ್ಟು ನೋಡುವುದೇ ಸರಿಯೇ? ಓಡಿಸಬೇಕೆಂಬುದೇ ನನ್ನ ಖಚಿತವಾದ ಅಭಿಪ್ರಾಯ. ಆದರೆ ಓಡಿಸುವ ಮೊದಲು ಅದರ ಒಳಗನ್ನು ನೋಡಿ ತಿಳಿದುಕೊಳ್ಳುವ ತಾಳ್ಮೆ ಬೇಕು. ಆಯ್ದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಾತನವರ ಟ್ರಂಕಿನಲ್ಲಿ ಹಸಿರು ಬಣ್ಣದ ತಗಡಿನ ರೈಲು ಇಂಜಿನ್ ಒಂದು ಸಿಕ್ಕಿದೆ. ಟೆಂಡರಿನ (ಇಂಜಿನ್ನಿನ ಹಿಂದಿನ ಕಲ್ಲಿದ್ದಲಿನ ಬಂಡಿಯ) ಮೇಲೆ ಎಲ್‌ಎನ್‌ಇಆರ್ ಎಂಬ ಅಕ್ಷರಗಳೂ, ಹಾರ್ನ್‌ಬಿ ಎಂಬ ಹೆಸರೂ ಇವೆ. ಕೀಲಿ ಕಳೆದುಹೋಗಿದೆ, ಬಣ್ಣ ಅಲ್ಲಲ್ಲಿ ಎದ್ದಿದೆ. ಇದು ಯಾವ ಕಾಲದ್ದು? ಹೊಸದಾಗಿ ಬಣ್ಣ ಬಳಿಸಿ ಓಡಿಸಬಹುದೇ? – ಓದುಗರೊಬ್ಬರು, ಮೈಸೂರು

ಉತ್ತರ: ಲಿವರ್‌ಪೂಲಿನ ಮೆಕಾನೋ ಕಂಪನಿಯ ಸ್ಥಾಪಕರಾದ ಫ್ರಾಂಕ್ ಹಾರ್ನ್‌ಬಿ ಅವರು 1920ರಲ್ಲಿ ಸ್ಪ್ರಿಂಗಿನಿಂದ ಓಡುವ ರೈಲುಗಳನ್ನು ಮಾರುಕಟ್ಟೆಗೆ ತಂದರು. ಮೊದಲ ವರ್ಷಗಳ ಇಂಜಿನ್‌ಗಳನ್ನು ಮೆಕಾನೋ ಆಟಿಕೆಯಂತೆಯೇ ನಟ್ಟು ಬೋಲ್ಟು ಬಿಚ್ಚಿ ಬೇರ್ಪಡಿಸಬಹುದಿತ್ತು. ನಿಮ್ಮ ಇಂಜಿನ್ನಿನ ಕಾಲ ಗುರುತಿಸಲು ಟೆಂಡರಿನ ಮೇಲಿನ ಅಕ್ಷರಗಳೇ ಸಾಕಷ್ಟು ನೆರವಾಗುತ್ತವೆ. ಬ್ರಿಟನ್ನಿನ ಹತ್ತಾರು ರೈಲು ಕಂಪನಿಗಳನ್ನು ಒಟ್ಟುಗೂಡಿಸಿ ನಾಲ್ಕು ದೊಡ್ಡ ಕಂಪನಿಗಳನ್ನಾಗಿ ಮಾಡಿದ್ದು 1923ರ ಜನವರಿ 1ರಂದು. ಎಲ್‌ಎನ್‌ಇಆರ್ ಎಂಬ ಕಂಪನಿ ಹುಟ್ಟಿದ್ದು ಆಗಲೇ ಆದ್ದರಿಂದ ನಿಮ್ಮ ಇಂಜಿನ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 1948ರಲ್ಲಿ ಆ ರೈಲ್ವೆಗಳು ರಾಷ್ಟ್ರೀಕರಣಗೊಂಡವು. ಆದರೆ ಆಟಿಕೆಗಳ ಮೇಲೆ ಹಳೆಯ ಅಕ್ಷರಗಳು ಇನ್ನೂ ಕೆಲವು ವರ್ಷ ಉಳಿದವು, ಹಾಗಾಗಿ ಅಕ್ಷರಗಳಷ್ಟರಿಂದಲೇ ಅದನ್ನು ಯುದ್ಧಪೂರ್ವದ್ದೆಂದು ತೀರ್ಮಾನಿಸಬೇಡಿ.

ಕೀಲಿಯ ಚಿಂತೆ ಬೇಡ. ಚೌಕ ರಂಧ್ರವಿರುವ ಹಳೆಯ ಗೋಡೆ ಗಡಿಯಾರದ ಕೀಲಿಗಳಲ್ಲಿ ಸರಿಯಾಗಿ ಹೊಂದುವಂಥದು ಯಾವುದಾದರೂ ಸಿಗುತ್ತದೆ. ಸಡಿಲವಾಗಿ ಕೂರುವ ಕೀಲಿಯನ್ನು ಮಾತ್ರ ಬಳಸಬಾರದು, ಅದು ಕೀಲಿ ಕೂರುವ ಚೌಕ ಕಡ್ಡಿಯ ಮೂಲೆಗಳನ್ನು ಸವೆಸಿಬಿಡುತ್ತದೆ. ಆದರೆ ಕೀಲಿ ಸಿಕ್ಕಿದ ಕೂಡಲೇ ಕೀ ಕೊಡಲು ಹೋಗಬೇಡಿ. ಹತ್ತಾರು ವರ್ಷ ಟ್ರಂಕಿನಲ್ಲಿದ್ದ ಯಂತ್ರದ ಗ್ರೀಸು ಏರಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಚಕ್ರಗಳ ಹಲ್ಲುಗಳ ನಡುವೆ ಕಂದು ಬಣ್ಣದ ಅಂಟಾಗಿ ಕೂತಿರುತ್ತದೆ. ಆ ಸ್ಥಿತಿಯಲ್ಲಿ ಪೂರ್ತಿ ಕೀ ಕೊಟ್ಟರೆ ಸ್ಪ್ರಿಂಗಿನ ಬಲವೆಲ್ಲ ಒಂದೇ ಹಲ್ಲಿನ ಮೇಲೆ ಬೀಳುತ್ತದೆ. ಮೊದಲು ಯಂತ್ರವನ್ನು ತಗಡಿನ ದೇಹದಿಂದ ಬೇರ್ಪಡಿಸಿ. ಸ್ಪ್ರಿಂಗನ್ನು ಮಾತ್ರ ಬಿಚ್ಚಬೇಡಿ: ಅದು ಡಬ್ಬಿಯೊಳಗೆ ಬಂದಿಯಾಗಿರದೆ ತೆರೆದೇ ಇರುತ್ತದೆ, ಕೊಂಡಿ ಕಳಚಿದರೆ ಸಿಡಿದು ಬೆರಳು ಕತ್ತರಿಸಬಲ್ಲದು. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ಕುಳಿತು, ಸೀಮೆಎಣ್ಣೆಯಲ್ಲಿ ಅದ್ದಿದ ಮೃದು ಕುಂಚದಿಂದ ಹಲ್ಲುಗಳನ್ನು ತೊಳೆದು ಪೂರ್ತಿ ಆರಲು ಬಿಡಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಪ್ರತಿ ಅಚ್ಚಿನ ತುದಿಗೂ ಒಂದು ಹನಿ ಮುಟ್ಟಿಸಿದರೆ ಸಾಕು. ಎರಡು ಮೂರು ಸುತ್ತು ಮಾತ್ರ ಕೀ ಕೊಟ್ಟು, ಗಾಲಿಯನ್ನು ಬೆರಳಿನಿಂದ ಹಿಡಿದು ನಿಧಾನವಾಗಿ ಸಡಿಲಿಸಿ. ತಡೆ ತಡೆದು ತಿರುಗುತ್ತಿದ್ದ ಯಂತ್ರ ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಒಂದೇ ಸಮನೆ ಗುಂಯ್‌ಗುಡುವುದನ್ನು ಕೇಳುವಾಗ ಆಗುವ ಸಂತೋಷ ದೊಡ್ಡದು.

ಬಣ್ಣ ಬಳಿಸುವ ವಿಚಾರವನ್ನು ದಯವಿಟ್ಟು ಕೈಬಿಡಿ. ಸುಮಾರು 30 ವರ್ಷಗಳ ಹಿಂದೆ ನಾನು ಇಂಥದೇ ಒಂದು ಟೆಂಡರಿನ ಬಣ್ಣ ಕೆರೆದು ಹೊಸದಾಗಿ ಬಳಿದೆ. ಕಾರ್ಖಾನೆಯಲ್ಲಿ ಹಾಕಿದ್ದ ಅಕ್ಷರಗಳು, ಯಾರೋ ಒಂದು ಮಗು ತನ್ನ ಇನಿಷಿಯಲ್ ಗೀಚಿದ್ದ ಗುರುತು, ಎಲ್ಲವೂ ಅಳಿಸಿಹೋದವು. ಅದು ಇಂದಿಗೂ ನನ್ನನ್ನು ಬಾಧಿಸುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಬಣ್ಣ ಎದ್ದಿರುವ ಕಡೆ ತುಕ್ಕು ಹಬ್ಬದಂತೆ ತೆಳುವಾಗಿ ಮೇಣ ಸವರಿ, ಅಷ್ಟಕ್ಕೇ ನಿಲ್ಲಿಸಿ.

ಪ್ರಶ್ನೆ: ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಹಾರ್ನ್‌ಬಿ ಡಬ್ಲೊ ಇಂಜಿನ್ನಿಗೆ ವಿದ್ಯುತ್ ಕೊಟ್ಟರೆ ಮೋಟಾರು ಬಿಸಿಯಾಗುತ್ತದೆ, ತೆವಳಿದಂತೆ ಹೋಗುತ್ತದೆ, ಎರಡು ಬೋಗಿಗಳನ್ನೂ ಎಳೆಯುವುದಿಲ್ಲ. ಮೋಟಾರು ಸುಟ್ಟಿದೆಯೇ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸುಟ್ಟಿರುವ ಸಾಧ್ಯತೆ ಕಡಿಮೆ. 1938ರಲ್ಲಿ ಬಂದ ಈ ಮಾಲಿಕೆ ‘ಡಬಲ್ ಓ’ ಅಳತೆಯದು, ಡಬ್ಲೊ ಎಂಬ ಹೆಸರು ಬಂದದ್ದೂ ಅದರಿಂದಲೇ. ಮೂರು ಹಳಿಗಳ ಮೇಲೆ 12 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ ಓಡುವ ಇದರ ಮೋಟಾರಿನಲ್ಲಿ ಕಾಯಂ ಅಯಸ್ಕಾಂತವಿದೆ. ನೀವು ಹೇಳಿದ ಲಕ್ಷಣಗಳು, ಅಂದರೆ ಹೆಚ್ಚು ಕರೆಂಟು ಎಳೆಯುವುದು, ಬಿಸಿಯಾಗುವುದು, ಬಲವಿಲ್ಲದಿರುವುದು, ಅಯಸ್ಕಾಂತ ದುರ್ಬಲವಾಗಿರುವುದನ್ನು ಸೂಚಿಸುತ್ತವೆ. ಆದರೆ ಅದಕ್ಕೆ ಕೈಹಾಕುವ ಮೊದಲು ಕಮ್ಯುಟೇಟರನ್ನು, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಒಯ್ಯುವ ತಾಮ್ರದ ಭಾಗವನ್ನು, ನೋಡಿ. ಅದರ ಮೂರು ತಾಮ್ರದ ತುಂಡುಗಳ ನಡುವಿನ ಸಂದುಗಳಲ್ಲಿ ಕಾರ್ಬನ್ ಪುಡಿಯೂ ಎಣ್ಣೆಯೂ ಸೇರಿ ಕಾಡಿಗೆಯಂತೆ ಮೆತ್ತಿಕೊಂಡಿರುತ್ತದೆ. ಚೂಪು ಮಾಡಿದ ಬೆಂಕಿಕಡ್ಡಿಯಿಂದ ಆ ಸಂದುಗಳನ್ನು ಬಿಡಿಸಿ, ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಒರೆಸಿ. ಸೂಜಿ, ಬ್ಲೇಡು ಬೇಡ. ಅದಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಸಲೀಸಾಗಿ ಜಾರುತ್ತಿವೆಯೇ ಎಂದೂ ನೋಡಿ. ಅರ್ಧದಷ್ಟು ಇಂಜಿನ್‌ಗಳು ಇಷ್ಟರಿಂದಲೇ ಜೀವ ತಳೆಯುತ್ತವೆ ಎಂಬುದು ನನ್ನ ಅನುಭವ.

ಅದರಿಂದ ಗುಣ ಕಾಣದಿದ್ದರೆ ಅಯಸ್ಕಾಂತಕ್ಕೆ ಮರಳಿ ಬಲ ತುಂಬಿಸಬೇಕು. ಆ ಸಲಕರಣೆಯಿರುವವರು ಕೆಲವೇ ನಿಮಿಷಗಳಲ್ಲಿ ಮಾಡಿಕೊಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಇಂಥ ಹಳೆಯ ಅಯಸ್ಕಾಂತದ ಎರಡು ಧ್ರುವಗಳ ನಡುವಿನಿಂದ ಆರ್ಮೇಚರನ್ನು (ಮೋಟಾರಿನ ತಿರುಗುವ ಭಾಗವನ್ನು) ಸುಮ್ಮನೆ ಹೊರತೆಗೆದರೆ ಇದ್ದ ಬಲವೂ ಇಳಿಯುತ್ತದೆ. ತೆಗೆಯಲೇಬೇಕಾದರೆ ಧ್ರುವಗಳನ್ನು ಮೆದು ಕಬ್ಬಿಣದ ತುಂಡೊಂದರಿಂದ ಸೇರಿಸಿಡಿ.

ಪ್ರಶ್ನೆ: ಡಬ್ಲೊ ಮೂರು ಹಳಿಯ ಇಂಜಿನ್ ಮತ್ತು ಇಂದಿನ ಎರಡು ಹಳಿಯ ಇಂಜಿನ್, ಎರಡನ್ನೂ ಒಂದೇ ಹಳಿಯ ಮೇಲೆ ಓಡಿಸಬಹುದೇ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಧ್ಯವಿಲ್ಲ. ಎರಡರ ಅಗಲವೂ 16.5 ಮಿಲಿಮೀಟರ್ ಆದರೂ ಹಳೆಯ ಇಂಜಿನ್ನಿನ ಲೋಹದ ಗಾಲಿಗಳು ಅಚ್ಚಿನ ಮೂಲಕ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಎರಡು ಹಳಿಯ ದಾರಿಯಲ್ಲಿ ಶಾರ್ಟ್ ಆಗುತ್ತದೆ. ಹೊಸ ಇಂಜಿನ್ ಮೂರು ಹಳಿಯ ದಾರಿಯಲ್ಲಿ ಅಲುಗಾಡುವುದೇ ಇಲ್ಲ, ಏಕೆಂದರೆ ಹೊರಗಿನ ಎರಡೂ ಹಳಿಗಳು ಅಲ್ಲಿ ಒಂದೇ ಧ್ರುವ. ಹಾರ್ನ್‌ಬಿ ಡಬ್ಲೊ ಕೂಡ 1959ರಲ್ಲಿ ಎರಡು ಹಳಿಗೆ ಬದಲಾಯಿತು. ನಡುಹಳಿ ನೋಡಲು ಸಹಜವಲ್ಲ ಎಂಬುದು ನಿಜ, ಆದರೆ ದಾರಿಯನ್ನು ಕುಣಿಕೆಯಂತೆ ಬಳಸಿ ರೈಲನ್ನು ಹಿಂದಿರುಗಿಸಬೇಕಾದಾಗ ವೈರಿಂಗಿನ ಯಾವ ತೊಡಕೂ ಇಲ್ಲದಿರುವುದು ಅದರ ದೊಡ್ಡ ಅನುಕೂಲ.

ಪ್ರಶ್ನೆ: 20 ವರ್ಷ ನ್ಯೂ ಜೆರ್ಸಿಯಲ್ಲಿದ್ದು ಬೆಂಗಳೂರಿಗೆ ಮರಳಿದ್ದೇವೆ. ಅಲ್ಲಿ ಕೂಡಿಹಾಕಿದ 1950ರ ದಶಕದ, ಅಮೆರಿಕದ ಲಯನೆಲ್ ಕಂಪನಿಯ ಆಟಿಕೆ ರೈಲುಗಳನ್ನೂ, ಅದರ ಝಡ್‌ಡಬ್ಲ್ಯೂ ಟ್ರಾನ್ಸ್‌ಫಾರ್ಮರನ್ನೂ ತಂದಿದ್ದೇವೆ. ಇಲ್ಲಿ ಹೇಗೆ ಓಡಿಸುವುದು? – ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಅಮೆರಿಕದ ಕಡಿಮೆ ವೋಲ್ಟೇಜಿಗೆಂದು ಮಾಡಿದ ಆ ಟ್ರಾನ್ಸ್‌ಫಾರ್ಮರನ್ನು ಇಲ್ಲಿಯ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ, ಬೆಂಕಿಯ ಅಪಾಯವೂ ಉಂಟು. ವೋಲ್ಟೇಜು ಇಳಿಸಿಕೊಂಡರಷ್ಟೇ ಸಾಲದು. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50 ಹರ್ಟ್ಸ್. ಅದೇ ವೋಲ್ಟೇಜಿನಲ್ಲಿ ಆವರ್ತನ ಕಡಿಮೆಯಾದಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ಕಾಂತೀಯ ಹೊರೆ ಐದರಲ್ಲಿ ಒಂದು ಪಾಲಿನಷ್ಟು ಏರುತ್ತದೆ, ಅದು ಬಿಸಿಯಾಗುತ್ತದೆ. ಆದ್ದರಿಂದ ಸುಮಾರು 100 ವೋಲ್ಟ್ ಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡರೆ ಎರಡೂ ಸಮಸ್ಯೆ ಒಟ್ಟಿಗೇ ಬಗೆಹರಿಯುತ್ತವೆ. ನಿಮ್ಮ ಝಡ್‌ಡಬ್ಲ್ಯೂ 275 ವಾಟಿನದಾದರೆ ಸ್ಟೆಪ್‌ಡೌನಿನ ಸಾಮರ್ಥ್ಯ 500 ವಿಎ ಆದರೂ ಇರಲಿ. ತಾಮ್ರದ ಸುರುಳಿಯ, ತೂಕದ ಟ್ರಾನ್ಸ್‌ಫಾರ್ಮರೇ ಆಗಬೇಕು, ಪ್ರಯಾಣಿಕರಿಗೆಂದು ಮಾರುವ ಹಗುರವಾದ ಎಲೆಕ್ಟ್ರಾನಿಕ್ ಕನ್ವರ್ಟರುಗಳು ಇದಕ್ಕೆ ಸಲ್ಲವು. ಎಸ್.ಪಿ. ರಸ್ತೆಯ ಸುತ್ತಮುತ್ತ ವಿಚಾರಿಸಿದರೆ ಬೇಕಾದ ಅಳತೆಗೆ ಸುತ್ತಿಕೊಡುವವರು ಸಿಕ್ಕಾರು. ಅದಕ್ಕೂ ಮುನ್ನ ಹಳೆಯ ವೈರನ್ನು ಬಗ್ಗಿಸಿ ನೋಡಿ. ಅದರ ರಬ್ಬರು ಹಪ್ಪಳದಂತೆ ಒಡೆದರೆ ನುರಿತ ಎಲೆಕ್ಟ್ರಿಷಿಯನ್‌ರಿಂದ ವೈರು ಬದಲಾಯಿಸದ ಹೊರತು ಪ್ಲಗ್ಗಿಗೆ ಹಾಕಲೇಬೇಡಿ.

ಲಯನೆಲ್ ಮೋಟಾರುಗಳು ಎಸಿ, ಡಿಸಿ ಎರಡರಲ್ಲೂ ಓಡುತ್ತವೆ. ಹಾಗಿದ್ದರೂ ಡಿಸಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಟೆಂಡರಿನೊಳಗಿನ ಸೀಟಿ ಊದುವುದು ಎಸಿಯ ಜೊತೆಗೆ ತುಸು ಡಿಸಿ ಬೆರೆತಾಗ. ಕಂಪನಿ ಈ ಚಮತ್ಕಾರವನ್ನು ತಂದದ್ದು 1935ರಲ್ಲಿ. ಬರೀ ಡಿಸಿ ಕೊಟ್ಟರೆ ಸೀಟಿ ನಿಲ್ಲದೆ ಕೂಗುತ್ತಲೇ ಇರುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. 1925ರ ಹಾರ್ನ್‌ಬಿ ಮೆಟ್ರೊಪಾಲಿಟನ್ ವಿದ್ಯುತ್ ರೈಲು ಮನೆಯ ವಿದ್ಯುತ್ತನ್ನು ಬಲ್ಬೊಂದರ ಮೂಲಕ ಹಳಿಗೇ ಹರಿಸುತ್ತಿತ್ತು. ಅಂಥದು ಯಾರ ಬಳಿಯಾದರೂ ಇದ್ದರೆ ಅದು ನೋಡಲಿಕ್ಕೆ ಮಾತ್ರ. ಬೀರುವಿನಲ್ಲಿಯೇ ಇರಬೇಕಾದ ರೈಲು ಇದೊಂದೇ ಎಂದು ನಾನು ಹೇಳುತ್ತೇನೆ.

ಪ್ರಶ್ನೆ: ಯುದ್ಧಪೂರ್ವದ ಇಂಜಿನ್ನೊಂದರ ಗಾಲಿಗಳು ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗಿ ಉದುರುತ್ತಿವೆ. ಇದು ಉಳಿದ ಇಂಜಿನ್‌ಗಳಿಗೂ ಹರಡುತ್ತದೆಯೇ? ಮಳೆಗಾಲದಲ್ಲಿ ತಗಡಿನ ಹಳಿಗಳಿಗೆ ತುಕ್ಕು ಬರುವುದನ್ನು ತಡೆಯುವುದು ಹೇಗೆ? – ಓದುಗರೊಬ್ಬರು, ಮಂಗಳೂರು

ಉತ್ತರ: ಹರಡುವುದಿಲ್ಲ, ನಿಶ್ಚಿಂತೆಯಿಂದಿರಿ. ಆ ಗಾಲಿಗಳು ಬ್ರಿಟನ್ನಿನಲ್ಲಿ ಮಜಾಕ್ ಎಂದು ಕರೆಯುವ ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಸೀಸ ಅಥವಾ ತವರದ ಕಲಬೆರಕೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿದರೂ ಲೋಹದ ಕಣಗಳ ಅಂಚಿನಲ್ಲಿ ಕೊರೆತ ಶುರುವಾಗಿ, ವರ್ಷಗಳು ಕಳೆದಂತೆ ಎರಕ ಉಬ್ಬಿ ಒಡೆಯುತ್ತದೆ. ರೋಗ ಹುಟ್ಟಿನಿಂದಲೇ ಬಂದದ್ದು; ಸೆಕೆ ಮತ್ತು ತೇವ ಅದನ್ನು ಬೇಗ ಬೆಳೆಸುತ್ತವೆ. ಇದಕ್ಕೆ ಮದ್ದಿಲ್ಲ, ಅಂಟು ಹಾಕಿಯೂ ಪ್ರಯೋಜನವಿಲ್ಲ. ಆ ಗಾಲಿಗಳಲ್ಲಿ ಓಡಿಸದೆ, ಹೊಸದಾಗಿ ಎರಕ ಹೊಯ್ದು ಮಾರುವ ಗಾಲಿಗಳನ್ನು ತರಿಸಿ ಹಾಕಿ, ಹಳೆಯವನ್ನು ಪೊಟ್ಟಣ ಕಟ್ಟಿ ಇಂಜಿನ್ನಿನ ಜೊತೆಯಲ್ಲೇ ಇಡಿ.

ಕರಾವಳಿಯ ಮಳೆಗಾಲದ ಮಾತೇ ಬೇರೆ. ಜೂನ್ ಬರುವ ಮೊದಲೇ ಹಳಿಗಳನ್ನು ಎತ್ತಿ, ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಟ್ಟುಬಿಡುವುದು ಉತ್ತಮ. ರೈಲಿನ ಮೂಲ ರಟ್ಟಿನ ಪೆಟ್ಟಿಗೆಗಳನ್ನು ಅದೇ ಡಬ್ಬಿಗೆ ತುರುಕಬೇಡಿ, ಎಣ್ಣೆ ಹೀರಿಕೊಂಡ ಪೆಟ್ಟಿಗೆ ಹಾಳಾದಂತೆಯೇ. ತುಕ್ಕು ತೆಗೆಯಲು ಮರಳುಕಾಗದ ಬಳಸಿದರೆ ತವರದ ಲೇಪ ಕಿತ್ತು ಮುಂದಿನ ಮಳೆಗೆ ಇಮ್ಮಡಿ ತುಕ್ಕು ಹಿಡಿಯುತ್ತದೆ. ಪಾತ್ರೆ ತಿಕ್ಕುವ ಸ್ಟೀಲಿನ ನಾರಂತೂ ಹತ್ತಿರವೂ ಬೇಡ, ಅದರ ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಂಡು ಶಾರ್ಟ್ ಮಾಡುತ್ತವೆ.

ಪ್ರಶ್ನೆ: ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹಳಿಗಳಿಗೆ ಎಷ್ಟು ಜಾಗ ಬೇಕು? – ಓದುಗರೊಬ್ಬರು, ಬೆಂಗಳೂರು

ಉತ್ತರ: ಅಂಗಡಿಯಲ್ಲಿ ಸಿಗುವ 8 ಅಡಿ ಉದ್ದ, 4 ಅಡಿ ಅಗಲದ ಒಂದು ಪ್ಲೈವುಡ್ ಹಾಳೆ ಸಾಕು. ಡಬ್ಲೊ ತಿರುವಿನ ತ್ರಿಜ್ಯ 15 ಇಂಚು, ಎಂಟು ತುಂಡುಗಳಿಗೆ ಒಂದು ಸುತ್ತು ಮುಗಿಯುತ್ತದೆ. ಆದ್ದರಿಂದ 3 ಅಡಿ ಅಗಲದಲ್ಲೂ ಅದು ಹಿಡಿಸುತ್ತದೆ. ಲಯನೆಲ್‌ನ ಸಣ್ಣ ತಿರುವಿನ ವೃತ್ತದ ವ್ಯಾಸ 27 ಇಂಚು. ಹಾರ್ನ್‌ಬಿಯ 2 ಅಡಿ ತ್ರಿಜ್ಯದ ಓ ಗೇಜ್ (ಡಬ್ಲೊಗಿಂತ ಅಗಲವಾದ ಹಳಿಯ) ತಿರುವುಗಳಿಗೆ ಮಾತ್ರ 4 ಅಡಿ ಸಾಲದು, ಆ ರೈಲುಗಳನ್ನು ಹಜಾರದ ನೆಲದ ಮೇಲೆಯೇ ಹಾಸಿ ಓಡಿಸುವುದು ಚೆಂದ. ಹಲಗೆಗೆ ಹಿಂಬದಿಯಿಂದ ಮರದ ರೀಪು ಹೊಡೆದು, ಒಂದು ಅಂಚಿಗೆ ಕೀಲು ಕೂರಿಸಿ ಗೋಡೆಗೆ ಮಡಚುವಂತೆ ಮಾಡಿಸಿದರೆ ಹಗಲಲ್ಲಿ ಕೋಣೆ ಖಾಲಿಯಿರುತ್ತದೆ. ಹಳಿಯ ಕೆಳಗೆ ಹಳೆಯ ಕಂಬಳಿಯ ಪಟ್ಟಿ ಹಾಸಿದರೆ ಕೆಳಮನೆಯವರಿಗೆ ಸದ್ದು ತಲುಪುವುದಿಲ್ಲ. ರೈಲು ಟ್ರಾನ್ಸ್‌ಫಾರ್ಮರಿನ ಹತ್ತಿರ ಜೋರಾಗಿಯೂ ದೂರದ ತಿರುವಿನಲ್ಲಿ ಕುಂಟುತ್ತಲೂ ಓಡುತ್ತಿದ್ದರೆ ಅದು ಇಂಜಿನ್ನಿನ ದೋಷವಲ್ಲ. ತಗಡಿನ ಹಳಿಗಳ ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜು ಸೋರಿಹೋಗುತ್ತದೆ. ಹಲಗೆಯ ಅಡಿಯಿಂದ ಇನ್ನೊಂದು ಜೊತೆ ವೈರನ್ನು ಆ ದೂರದ ತಿರುವಿಗೆ, ಅದೇ ಧ್ರುವಗಳಿಗೆ, ಎಳೆದು ಬೆಸುಗೆ ಹಾಕಿ.