ಪೆರಿಟೊ ಮೊರೆನೊ, ಟೊರೆಸ್ ದೆಲ್ ಪೈನೆ: ಐದು ದಿನಕ್ಕೆ ಎರಡೂ ಬೇಕಾ?

ಐದು ದಿನದಲ್ಲಿ ಅರ್ಜೆಂಟೀನಾದ ಪೆರಿಟೊ ಮೊರೆನೊ ಹಿಮನದಿ, ಚಿಲಿಯ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನ ಎರಡನ್ನೂ ನೋಡಬಹುದಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ಅರ್ಧ ಸಮಯ ಬಸ್ಸಲ್ಲೇ ಕಳೆಯುತ್ತದೆ.

ಹಿಮನದಿಗೆ ಒಂದು ದಿನ ಸಾಕು. ಎಲ್ ಕಲಫಾತೆ ಊರಿಂದ ಸುಮಾರು 80 ಕಿ.ಮೀ., ಬಸ್ ಇದೆ. ಎದುರಿಗೇ ಕಟ್ಟಿರುವ ಕಾಲುದಾರಿಯಲ್ಲಿ ನಿಂತರೆ ಸುಮಾರು 5 ಕಿ.ಮೀ. ಅಗಲದ ನೀಲಿ ಗೋಡೆ. ಫೋಟೊ ತೆಗೆದು ಓಡಿ ಬರಬೇಡಿ, ಸುಮ್ನೆ ಕಾಯಿರಿ. ಹಿಮದ ತುಂಡು ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಕೇಳಿ ತಿರುಗಿದವರಿಗೆ ಸಿಗುವುದು ಅಲೆ ಮಾತ್ರ!

ಟೊರೆಸ್ ದೆಲ್ ಪೈನೆಗೆ ಗಡಿ ದಾಟಿ ಚಿಲಿಯ ಊರಾದ ಪುಯೆರ್ತೊ ನತಾಲೆಸ್‌ಗೆ ಹೋಗಬೇಕು. ಬ್ಯಾಗಲ್ಲಿ ಹಣ್ಣು ಇಟ್ಟುಕೊಳ್ಳಬೇಡಿ, ಚಿಲಿಯವರು ಬಿಡುವುದಿಲ್ಲ, ಹೇಳದೇ ಇದ್ದರೆ ದಂಡ ಬೇರೆ. ಅಲ್ಲಿನ ಗೋಪುರದಂಥ ಮೂರು ಕಲ್ಲಿನ ಶಿಖರಗಳ ಬುಡಕ್ಕೆ ನಡೆದು ಬರಲು ಇಡೀ ದಿನ ಬೇಕು. ಮೋಡ ಕವಿದರೆ ಅಷ್ಟು ನಡೆದೂ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಗಾಳಿಯೂ ಜೋರು.

ನನ್ನನ್ನು ಕೇಳಿದರೆ ಈ ಸಲ ಚಿಲಿ ಬಿಡಿ. ಅರ್ಜೆಂಟೀನಾದಲ್ಲೇ ಇರುವ ಊರು ಎಲ್ ಚಲ್ತೆನ್‌ಗೆ ಹೋಗಿ. ಕಲಫಾತೆಯಿಂದ ಸುಮಾರು 215 ಕಿ.ಮೀ., ಗಡಿ ರಗಳೆ ಇಲ್ಲ. ಫಿಟ್ಸ್ ರಾಯ್ ಶಿಖರದ ಕಡೆಗೆ ಹೋಗುವ ಹಾದಿ ಊರಿನ ಅಂಚಿನಲ್ಲೇ ಶುರುವಾಗುತ್ತದೆ. ಅಲ್ಲಿ ಮೂರು ರಾತ್ರಿ ಉಳಿದರೆ ಒಂದು ದಿನವಾದರೂ ಆಕಾಶ ತಿಳಿಯಾಗುವ ಸಾಧ್ಯತೆ ಜಾಸ್ತಿ ಅಲ್ವಾ?